ಫಾಲ್ಕನ್ಸ್ ತಂಡದ ನಾಲ್ಕು ಬೇಸಿಗೆಗಳು

1961ನೆಯ ಇಸವಿಯ ಬೇಸಿಗೆ. ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಕನೆಕ್ಟಿಕಟ್ ಎಂಬ ಚಿಕ್ಕ ರಾಜ್ಯದ ವಾಟರ್‌ಬರಿ ನಗರದಲ್ಲಿ, ಪುರಸಭೆಯ ಕ್ರೀಡಾಂಗಣವು ಜನರಿಂದ ಕಿಕ್ಕಿರಿದಿತ್ತು. ಕ್ಯಾನ್ಸರ್ ರೋಗಕ್ಕೆ ತುತ್ತಾದ ಮಕ್ಕಳ ಚಿಕಿತ್ಸಾನಿಧಿಗೆ ಹಣ ಕೂಡಿಸುವುದಕ್ಕಾಗಿ ಅಲ್ಲಿ ಒಂದು ಪ್ರದರ್ಶನವು ಏರ್ಪಾಡಾಗಿತ್ತು. ದಾಂಡನ್ನು ಹಿಡಿದು ಮೈದಾನಕ್ಕೆ ಬಂದವನು ಟೆಡ್ ವಿಲಿಯಮ್ಸ್. ಬೇಸ್‌ಬಾಲ್ ಆಟದಲ್ಲಿ ಆತನಿಗಿಂತ ಚೆನ್ನಾಗಿ ಚೆಂಡನ್ನು ಹೊಡೆಯಬಲ್ಲವರು ಹುಟ್ಟಿಯೇ ಇಲ್ಲವೆಂದು ಸಾಧಿಸುವ ಅಭಿಮಾನಿಗಳು ಇಂದಿಗೂ ಇದ್ದಾರೆ. ಹಿಂದಿನ ವರ್ಷವಷ್ಟೇ ಆತನು ಆಟದಿಂದ ನಿವೃತ್ತನಾಗಿದ್ದನು; ಆದರೆ ತೋಳಿನ ಬಲವಾಗಲಿ ಕಣ್ಣಿನ ಚುರುಕಾಗಲಿ ಕುಗ್ಗಿರಲಿಲ್ಲ. ಆತನ ಎದುರಿಗೆ ಚೆಂಡನ್ನು ಹಿಡಿದು ನಿಂತವಳು ಅದೇ ಊರಿನ ಜೋನ್ ಜಾಯ್ಸ್ ಎಂಬ ಇಪ್ಪತ್ತರ ಆಸುಪಾಸಿನ ತರುಣಿ.

ಜಾಯ್ಸ್ ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಚೆಂಡನ್ನೆಸೆದಳು. ವಿಲಿಯಮ್ಸ್ ದಾಂಡು ಬೀಸಿದನು. ಚೆಂಡು ಆಗಲೇ ಆತನನ್ನು ದಾಟಿ ಹೋಗಿತ್ತು. ಮತ್ತೆ ಎಸೆದಳು, ಮತ್ತೆ ತಪ್ಪಿತು. ಒಂದೆರಡು ಚೆಂಡುಗಳು ದಾಂಡಿನ ಅಂಚಿಗೆ ತಗುಲಿ ಎತ್ತಲೋ ಸಿಡಿದವು. ಕೊನೆಗೆ ಆ ಮಹಾ ಆಟಗಾರನು ದಾಂಡನ್ನು ನೆಲಕ್ಕೆಸೆದು ಹೊರಟುಹೋದನೆಂದು ಜಾಯ್ಸ್ ಮುಂದೆ ಅನೇಕ ಸಲ ನೆನಪಿಸಿಕೊಂಡಿದ್ದಾಳೆ. ಪ್ರೇಕ್ಷಕರ ಚಪ್ಪಾಳೆಗೆ ಕೊನೆಯಿರಲಿಲ್ಲ.

ವಿಲಿಯಮ್ಸ್‌ನು ತನ್ನ ಆಟದಿಂದಲೇ ಜೀವನ ನಡೆಸಿದವನು. ಆತನ ಕಾಲದ ಅತಿ ಹೆಚ್ಚು ಸಂಬಳದ ಆಟಗಾರರಲ್ಲೊಬ್ಬನು. ಆತನನ್ನು ತಬ್ಬಿಬ್ಬುಗೊಳಿಸಿದ ಜಾಯ್ಸ್‌ಗೆ ತನ್ನ ಆಟದಿಂದ ಬರುತ್ತಿದ್ದ ಸಂಬಳ ಒಂದು ಕಾಸೂ ಇರಲಿಲ್ಲ. ಹೆಂಗಸರು ಚೆಂಡಾಟವನ್ನು ಜೀವನೋಪಾಯವಾಗಿ ಮಾಡಿಕೊಳ್ಳಬಹುದೆಂಬ ಕಲ್ಪನೆ ಆಗ ಯಾರಿಗೂ ಅಷ್ಟಾಗಿ ಇರಲಿಲ್ಲ. ಆ ಕಲ್ಪನೆಯನ್ನು ನಿಜಮಾಡಲು ಹದಿನೈದು ವರ್ಷಗಳ ತರುವಾಯ ಹುಟ್ಟಿಕೊಂಡ ತಂಡವೇ ಕನೆಕ್ಟಿಕಟ್ ಫಾಲ್ಕನ್ಸ್. ಫಾಲ್ಕನ್ ಎಂದರೆ ಡೇಗೆ, ಎತ್ತರದಿಂದ ಎರಗುವ ಬೇಟೆಯ ಹಕ್ಕಿ.

ಸಾಫ್ಟ್‌ಬಾಲ್ ಎಂಬುದು ಬೇಸ್‌ಬಾಲಿನ ತಂಗಿಯಂತಹ ಆಟ. ಅದರ ಹುಟ್ಟು ಒಂದು ಹುಡುಗಾಟದಲ್ಲಿ ಆಯಿತು. 1887ರ ನವೆಂಬರಿನಲ್ಲಿ ಷಿಕಾಗೋ ನಗರದ ಫ್ಯಾರಗಟ್ ದೋಣಿವಿಹಾರ ಸಂಘದ ಕಟ್ಟಡದಲ್ಲಿ ಕೆಲವರು ಯುವಕರು ಸೇರಿ, ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾನಿಲಯಗಳ ನಡುವಣ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಯೇಲ್ ಗೆದ್ದಿತೆಂಬ ತಂತಿ ಸುದ್ದಿ ಬಂದಿತು. ಸಂತೋಷದ ಭರದಲ್ಲಿ ಒಬ್ಬನು ಅಲ್ಲಿ ಬಿದ್ದಿದ್ದ ಮುಷ್ಟಿಯುದ್ಧದ ಕೈಚೀಲವೊಂದನ್ನು ಎತ್ತಿ ಎದುರು ಪಕ್ಷದವನ ಮೇಲೆ ಎಸೆದನು. ಅವನು ಅದನ್ನು ಕೋಲಿನಿಂದ ಹೊಡೆದು ಹಿಂದಕ್ಕಟ್ಟಿದನು. ಜಾರ್ಜ್ ಹ್ಯಾನ್‌ಕಾಕ್ ಎಂಬಾತನಿಗೆ ಇದನ್ನು ಕಂಡು ಒಂದು ಉಪಾಯ ಹೊಳೆಯಿತು. ಕೈಚೀಲವನ್ನು ದಾರದಿಂದ ಬಿಗಿದು ಚೆಂಡು ಮಾಡಿ, ಪೊರಕೆಯ ಹಿಡಿಯನ್ನೇ ದಾಂಡಾಗಿಸಿ, ಒಳಾಂಗಣದಲ್ಲಿಯೇ ಬೇಸ್‌ಬಾಲ್ ಆಡಿಸಿಬಿಟ್ಟನು. ಚಳಿಗಾಲದಲ್ಲಿ ಒಳಗಾಡುವ ಈ ಆಟವು ಬೇಗನೆ ಬಯಲಿಗೂ ಬಂದಿತು. ಊರಿಗೊಂದು ಹೆಸರಿನಿಂದ ಕರೆಯಲ್ಪಡುತ್ತಿದ್ದ ಇದಕ್ಕೆ 'ಸಾಫ್ಟ್‌ಬಾಲ್' ಎಂಬ ಹೆಸರನ್ನು 1926ರಲ್ಲಿ ಸೂಚಿಸಿದವನು ವಾಲ್ಟರ್ ಹಕನ್‌ಸನ್.

ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡು. ಹೆಸರನ್ನು ನಂಬಿ ಚೆಂಡಿಗೆ ಎದೆಯೊಡ್ಡುವವರು ಮಾತ್ರ ಪಶ್ಚಾತ್ತಾಪಪಡಬೇಕಾಗುತ್ತದೆ. ಇಂದಿನ ಸಾಫ್ಟ್‌ಬಾಲ್ ಚೆಂಡು ಸಾಕಷ್ಟು ಗಟ್ಟಿಯಾದದ್ದು. ಅದರ ಸುತ್ತಳತೆ ಹನ್ನೆರಡು ಅಂಗುಲ. ಬೇಸ್‌ಬಾಲ್ ಚೆಂಡಿನ ಸುತ್ತಳತೆ ಸುಮಾರು ಒಂಬತ್ತು ಅಂಗುಲ. ಎರಡೂ ಆಟಗಳಲ್ಲಿ ಮೈದಾನದ ಒಂದು ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳಿರುತ್ತವೆ. ಚೆಂಡನ್ನು ಹೊಡೆದವರು ಒಂದೊಂದೇ ನೆಲೆಯನ್ನು ಮುಟ್ಟುತ್ತ ಓಡಿ ಮೊದಲಿನ ಜಾಗಕ್ಕೆ ಮರಳಿದರೆ ಒಂದು ಓಟ. ಸರಿಯಾಗಿ ಬಂದ ಚೆಂಡನ್ನು ಹೊಡೆಯಲಾರದೆ ಮೂರು ಸಲ ತಪ್ಪಿದರೆ ದಾಂಡಿಗರು ಔಟಾಗುತ್ತಾರೆ. ಕ್ರಿಕೆಟ್ಟಿನಂತೆ ಚೆಂಡು ನೆಲಕ್ಕೆ ಬಡಿದು ಪುಟಿಯುವುದಿಲ್ಲ. ಗಾಳಿಯಲ್ಲಿಯೇ ನೇರವಾಗಿ ಬರುತ್ತದೆ. ಬೇಸ್‌ಬಾಲಿನಲ್ಲಿ ಒಂಬತ್ತು ಸರದಿ, ಸಾಫ್ಟ್‌ಬಾಲಿನಲ್ಲಿ ಏಳು. ಬೇಸ್‌ಬಾಲಿನಲ್ಲಿ ಚೆಂಡನ್ನು ಭುಜದ ಮೇಲಿನಿಂದ ಎಸೆಯುತ್ತಾರೆ. ಸಾಫ್ಟ್‌ಬಾಲಿನಲ್ಲಿ ಸೊಂಟದ ಕೆಳಗಿನಿಂದ.

ಕೆಳಗಿನಿಂದ ಎಸೆದ ಚೆಂಡು ಸುಲಭವೆಂದು ತಿಳಿಯುವವರು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಬೇಸ್‌ಬಾಲಿನಲ್ಲಿ ಎಸೆತಗಾರನಿಗೂ ದಾಂಡಿಗನಿಗೂ ನಡುವಣ ಅಂತರ ಅರವತ್ತೂವರೆ ಅಡಿ, ಅಂದರೆ ಸುಮಾರು 18.4 ಮೀಟರು. ಜಾಯ್ಸ್‌ಳ ಕಾಲದ ಮಹಿಳೆಯರ ಹವ್ಯಾಸಿ ಪಂದ್ಯಗಳಲ್ಲಿ ಆ ಅಂತರ 40 ಅಡಿ, ಅಂದರೆ ಸುಮಾರು 12.2 ಮೀಟರು. ಗಂಟೆಗೆ 150 ಕಿಲೊಮೀಟರು ವೇಗದ ಬೇಸ್‌ಬಾಲ್ ಚೆಂಡು ತನ್ನ ದೂರವನ್ನು ಕ್ರಮಿಸಲು ಸುಮಾರು 0.44 ಸೆಕೆಂಡು ಬೇಕು. ಗಂಟೆಗೆ 100 ಕಿಲೊಮೀಟರು ವೇಗದ ಸಾಫ್ಟ್‌ಬಾಲ್ ಚೆಂಡಿಗೆ ಬೇಕಾದ ಕಾಲವೂ ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಎಂಬ ಮಾತು ಇಲ್ಲಿ ಅತಿಶಯೋಕ್ತಿಯಲ್ಲ.

ಇದಲ್ಲದೆ ಚೆಂಡಿನ ತಿರುಗಣೆಯೂ ಉಂಟು. ಬೆರಳುಗಳಿಂದ ಚೆಂಡಿಗೆ ಹಿಮ್ಮುಖವಾದ ತಿರುಗಣೆ ಕೊಟ್ಟರೆ, ಗಾಳಿಯು ಅದನ್ನು ಕೆಳಗಿನಿಂದ ಎತ್ತಿ ಹಿಡಿದಂತಾಗಿ, ಅದು ನೆಲದ ಸೆಳೆತಕ್ಕೆ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ದಾಂಡಿಗರ ಕಣ್ಣಿಗೆ ಚೆಂಡು ಮೇಲಕ್ಕೆ ಜಿಗಿದಂತೆಯೇ ತೋರುತ್ತದೆ. ಮುಮ್ಮುಖವಾಗಿ ತಿರುಗಿಸಿದರೆ ಹತ್ತಿರ ಬಂದ ಚೆಂಡು ಥಟ್ಟನೆ ಕೆಳಕ್ಕೆ ಕುಸಿಯುತ್ತದೆ. ಭುಜದ ಮೇಲಿನಿಂದ ಇಳಿದುಬರುವ ಚೆಂಡನ್ನೇ ಜೀವಮಾನವೆಲ್ಲ ನೋಡಿ ಪಳಗಿದ್ದ ವಿಲಿಯಮ್ಸ್‌ನ ಕಣ್ಣು, ಕೆಳಗಿನಿಂದ ಏರಿ ಬರುವ ಚೆಂಡಿನ ಜಾಡನ್ನು ಹಿಡಿಯಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಈಚಿನ ಎಸೆತಗಾರ್ತಿಯರು ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಸುತ್ತಿಸಿ ಎಸೆಯುತ್ತಾರೆ. ಜಾಯ್ಸ್ ಹಾಗಲ್ಲ, ತೋಳನ್ನು ಹಿಂದಕ್ಕೆ ಒಯ್ದು, ಕವಣೆಯ ಕಲ್ಲಿನಂತೆ ಒಮ್ಮೆಗೇ ಮುಂದಕ್ಕೆ ಚಿಮ್ಮಿಸುತ್ತಿದ್ದಳು.

ಫಾಲ್ಕನ್ಸ್ ತಂಡದ ಬೇರು ಒಂದು ಕಾರ್ಖಾನೆಯ ಅಂಗಳದಲ್ಲಿತ್ತು. ಕನೆಕ್ಟಿಕಟ್‌ನ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ ರೇಬೆಸ್ಟಾಸ್ ಎಂಬ ಸಂಸ್ಥೆಯು ಮೋಟಾರುಗಾಡಿಗಳ ಬ್ರೇಕುಗಳಿಗೆ ಬೇಕಾದ ಸಾಮಾನುಗಳನ್ನು ತಯಾರಿಸುತ್ತಿತ್ತು. ಆ ಸಂಸ್ಥೆಯ ವಿಲಿಯಂ ಸಿಂಪ್ಸನ್ ಎಂಬಾತನು 1947ರಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ತಂಡವೊಂದನ್ನು ಕಟ್ಟಿದನು. ಬ್ರೇಕು ತಯಾರಿಸುವವರ ತಂಡವಾದುದರಿಂದ ಅದಕ್ಕೆ 'ಬ್ರೇಕೆಟ್ಸ್' ಎಂಬ ಹೆಸರು ನಿಂತಿತು. ತಂದೆಯ ಸಾಫ್ಟ್‌ಬಾಲ್ ಆಟವನ್ನು ನೋಡುತ್ತ ಬೆಳೆದ ಜೋನ್ ಜಾಯ್ಸ್ 1954ರಲ್ಲಿ ಈ ತಂಡವನ್ನು ಸೇರಿದಾಗ ಆಕೆಗಿನ್ನೂ ಹದಿನಾಲ್ಕು ತುಂಬುವ ಕಾಲ. 1958ರಲ್ಲಿ ಬ್ರೇಕೆಟ್ಸ್ ಮೊದಲ ಬಾರಿಗೆ ರಾಷ್ಟ್ರದ ಚಾಂಪಿಯನ್ ಆಯಿತು. ಅಲ್ಲಿಂದ ಮುಂದೆ ಆ ಹೆಸರು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತ ಹೋಯಿತು.

ಆ ಕಾಲದ ಹುಡುಗಿಯರಿಗೆ ಬ್ರೇಕೆಟ್ಸ್ ಏನಾಗಿತ್ತೆಂಬುದನ್ನು ಅರಿಯಲು ಡಾನಾ ಲೋಪಿಯಾನೋಳ ಕಥೆಯನ್ನು ಕೇಳಬೇಕು. ಅದೇ ರಾಜ್ಯದ ಸ್ಟ್ಯಾಂಫರ್ಡಿನ ಈ ಬಾಲಕಿಯು ಬೀದಿಯ ಗಂಡುಹುಡುಗರೊಡನೆ ಬೇಸ್‌ಬಾಲ್ ಆಡಿ ಅವರನ್ನೆಲ್ಲ ಮೀರಿಸಿದ್ದಳು. ಹನ್ನೊಂದನೆಯ ವಯಸ್ಸಿನಲ್ಲಿ 'ಲಿಟಲ್ ಲೀಗ್' ಎಂಬ ಬಾಲಕರ ಪಂದ್ಯಾವಳಿಯ ತಂಡಕ್ಕೆ ಆಯ್ಕೆಯೂ ಆದಳು. ಸಮವಸ್ತ್ರಕ್ಕಾಗಿ ಸಾಲಿನಲ್ಲಿ ನಿಂತಿದ್ದಾಗ, ಹುಡುಗನೊಬ್ಬನ ತಂದೆಯು ನಿಯಮಾವಳಿಯ ಪುಸ್ತಕವನ್ನು ತೆರೆದು, ಹೆಣ್ಣುಮಕ್ಕಳಿಗೆ ಇಲ್ಲಿ ಪ್ರವೇಶವಿಲ್ಲವೆಂದು ತೋರಿಸಿದನು. ಬಾಲಕಿ ಅಳುತ್ತ ಮನೆಗೆ ಮರಳಿದಳು. ಕೆಲವು ವರ್ಷಗಳ ಬಳಿಕ ಆಕೆಗೆ ಬಾಗಿಲು ತೆರೆದದ್ದು ಬ್ರೇಕೆಟ್ಸ್ ತಂಡ. ಮುಂದೆ ಲೋಪಿಯಾನೋ ಟೆಕ್ಸಸ್ ವಿಶ್ವವಿದ್ಯಾನಿಲಯದ ಮಹಿಳಾ ಕ್ರೀಡಾ ವಿಭಾಗದ ನಿರ್ದೇಶಕಿಯಾಗಿ, ದೇಶದ ಕ್ರೀಡಾಡಳಿತದಲ್ಲಿ ಪ್ರಭಾವಶಾಲಿ ವ್ಯಕ್ತಿಯಾದಳು. ನಿಯಮಾವಳಿಯ ಪುಸ್ತಕಗಳನ್ನು ಆಕೆ ಅಷ್ಟು ಶ್ರದ್ಧೆಯಿಂದ ಓದಿದ್ದೇಕೆಂದು ಹೇಳಬೇಕಾಗಿಲ್ಲ.

1965ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಮಹಿಳೆಯರ ಪ್ರಥಮ ವಿಶ್ವ ಸಾಫ್ಟ್‌ಬಾಲ್ ಪಂದ್ಯಾವಳಿ ನಡೆದಾಗ ಅಮೆರಿಕದ ಪರವಾಗಿ ಹೋದದ್ದು ಬ್ರೇಕೆಟ್ಸ್ ತಂಡವೇ. ಅಂತಿಮ ಪಂದ್ಯದಲ್ಲಿ ಅದು ಆತಿಥೇಯ ತಂಡಕ್ಕೆ ಒಂದೇ ಓಟದಿಂದ ಸೋತಿತು. 1974ರಲ್ಲಿ ವಿಶ್ವ ಪಂದ್ಯಾವಳಿಯು ಸ್ಟ್ರಾಟ್‌ಫರ್ಡಿಗೇ ಬಂದಿತು. ಈ ಸಲ ಜಾಯ್ಸ್‌ಳ ಎಸೆತದ ಬಲದಿಂದ ಅಮೆರಿಕವು ಗೆದ್ದಿತು. ವಿಶ್ವವಿಜೇತ ತಂಡದ ಈ ಸದಸ್ಯೆಯರು ಶಾಲೆಯಲ್ಲಿ ಪಾಠ ಹೇಳಿಯೋ ಕಚೇರಿಯಲ್ಲಿ ದುಡಿದೋ ಜೀವನ ಸಾಗಿಸಬೇಕಾಗಿತ್ತು. ಹವ್ಯಾಸಿಗಳಾದುದರಿಂದ ಆಟಕ್ಕೆ ಪ್ರತಿಫಲ ಪಡೆಯುವಂತಿರಲಿಲ್ಲ. ಆಟಕ್ಕಾಗಿ ಹಣ ತೆಗೆದುಕೊಂಡವರು ಹವ್ಯಾಸಿಗಳ ಸಾಲಿನಿಂದ ಹೊರಬೀಳುತ್ತಿದ್ದರು.

ಅಷ್ಟರಲ್ಲಿ ಗಾಳಿಯ ದಿಕ್ಕು ಬದಲಾಗತೊಡಗಿತ್ತು. 1972ರಲ್ಲಿ ಅಮೆರಿಕವು ಒಂದು ಕಾನೂನನ್ನು ಮಾಡಿತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣೆಂಬ ಅಥವಾ ಗಂಡೆಂಬ ಕಾರಣಕ್ಕೆ ಭೇದ ಮಾಡಕೂಡದೆಂದು ಅದು ವಿಧಿಸಿತು. ಕಾನೂನಿನ ಆ ಒಂದು ವಾಕ್ಯದಲ್ಲಿ ಆಟದ ಸುದ್ದಿಯೇ ಇರಲಿಲ್ಲ. ಆದರೂ ಶಾಲೆ ಕಾಲೇಜುಗಳ ಆಟದ ಮೈದಾನವನ್ನು ಹೆಣ್ಣುಮಕ್ಕಳಿಗೆ ತೆರೆದುದು ಅದೇ. ಮರುವರ್ಷದ ಸೆಪ್ಟೆಂಬರಿನಲ್ಲಿ, ಹೆಂಗಸರ ಟೆನಿಸ್ಸನ್ನು ಹೀಗಳೆಯುತ್ತಿದ್ದ ಬಾಬಿ ರಿಗ್ಸ್ ಎಂಬ ಹಳೆಯ ಚಾಂಪಿಯನ್ನನನ್ನು ಬಿಲ್ಲಿ ಜೀನ್ ಕಿಂಗ್ ಹ್ಯೂಸ್ಟನ್ ನಗರದಲ್ಲಿ ಮೂರು ನೇರ ಸೆಟ್ಟುಗಳಿಂದ ಸೋಲಿಸಿದಳು. ಕೋಟ್ಯಂತರ ಜನರು ಅದನ್ನು ದೂರದರ್ಶನದಲ್ಲಿ ನೋಡಿದರು.

ಟೆನಿಸ್ಸಿನಲ್ಲಿ ಹೆಂಗಸರಿಗೆ ವೃತ್ತಿಪರ ಪಂದ್ಯಗಳನ್ನು ಕಟ್ಟಿಕೊಟ್ಟ ಅನುಭವ ಕಿಂಗಳಿಗಿತ್ತು. ಸಾಫ್ಟ್‌ಬಾಲಿನಲ್ಲಿಯೂ ಅದು ಏಕಾಗಬಾರದು? ಆಕೆಯೂ ಜಾಯ್ಸ್‌ಳೂ, ಹೊಸ ಹೊಸ ಕ್ರೀಡಾಕೂಟಗಳನ್ನು ಹುಟ್ಟುಹಾಕುವುದರಲ್ಲಿ ಪಳಗಿದ್ದ ಡೆನ್ನಿಸ್ ಮರ್ಫಿ ಎಂಬ ಉದ್ಯಮಿಯೂ ಸೇರಿ 1976ರಲ್ಲಿ 'ಅಂತಾರಾಷ್ಟ್ರೀಯ ಮಹಿಳಾ ವೃತ್ತಿಪರ ಸಾಫ್ಟ್‌ಬಾಲ್ ಸಂಸ್ಥೆ'ಯನ್ನು ಸ್ಥಾಪಿಸಿದರು. ಹೆಸರಿನಲ್ಲಿ ಅಂತಾರಾಷ್ಟ್ರೀಯ ಎಂದಿದ್ದರೂ ಅದರ ಹತ್ತು ತಂಡಗಳೂ ಅಮೆರಿಕದವೇ. ಸ್ಥಾಪಕರ ಆಸೆ ಹೆಸರಿಗಿಂತ ಚಿಕ್ಕದಾಗಿರಲಿಲ್ಲವೆನ್ನೋಣ.

ಕನೆಕ್ಟಿಕಟ್‌ನ ಪಾಲಿಗೆ ಬಂದ ತಂಡವೇ ಫಾಲ್ಕನ್ಸ್. ಅದರ ಒಡೆತನದಲ್ಲಿ ಜಾಯ್ಸ್‌ಳಿಗೂ ಕಿಂಗಳಿಗೂ ಪಾಲಿತ್ತು. ಮೆರಿಡನ್ ಎಂಬ ನಗರವು ತಂಡದ ನೆಲೆಯಾಯಿತು. ಬ್ರೇಕೆಟ್ಸ್ ತಂಡದ ಹಲವರು ಅನುಭವಿ ಆಟಗಾರ್ತಿಯರು ಜಾಯ್ಸ್‌ಳೊಡನೆ ಇತ್ತ ಬಂದರು. ಇದು ಸಣ್ಣ ನಿರ್ಧಾರವಲ್ಲ. ಹವ್ಯಾಸಿಗಳ ವಿಶ್ವ ಪಂದ್ಯಾವಳಿಗೆ ಬೆನ್ನು ತಿರುಗಿಸಿ, ನಾಳೆ ಉಳಿಯುವುದೋ ಇಲ್ಲವೋ ತಿಳಿಯದ ಸಂಸ್ಥೆಯೊಂದನ್ನು ನಂಬಿ ಬರುವ ಮಾತು ಅದು. ಸ್ಟ್ರಾಟ್‌ಫರ್ಡಿನಲ್ಲಿ ಉಳಿದವರು ಸಾಮಾನ್ಯರೆಂದು ಮಾತ್ರ ತಿಳಿಯಬಾರದು. ತೆರವಾದ ಸ್ಥಾನಗಳನ್ನು ಹೊಸಬರು ತುಂಬಿದರು. 1976, 77 ಮತ್ತು 78ರಲ್ಲಿಯೂ ಹವ್ಯಾಸಿ ಚಾಂಪಿಯನ್ ಪಟ್ಟವು ಬ್ರೇಕೆಟ್ಸ್‌ಗೇ ಸಂದಿತು. ಆ ಒಂದು ಚಿಕ್ಕ ರಾಜ್ಯದಲ್ಲಿ ಹೆಂಗಸರ ಸಾಫ್ಟ್‌ಬಾಲ್ ಎಷ್ಟು ಆಳವಾಗಿ ಬೇರೂರಿತ್ತೆಂಬುದು ಇದರಿಂದ ತಿಳಿಯುತ್ತದೆ.

ತಂಡಗಳ ಹೆಸರುಗಳಲ್ಲಿಯೂ ಒಂದು ವಿಶೇಷ ಕಾಣುತ್ತದೆ. ಇಂಗ್ಲಿಷಿನಲ್ಲಿ 'ಎಟ್' ಎಂಬ ಪ್ರತ್ಯಯವು ಚಿಕ್ಕದು, ಹೆಣ್ಣು ಎಂಬ ಅರ್ಥಗಳನ್ನು ಕೊಡುತ್ತದೆ. ಹಳೆಯ ತಂಡಗಳು ಬ್ರೇಕೆಟ್ಸ್, ಲಯನೆಟ್ಸ್ ಎಂದು ಆ ಪ್ರತ್ಯಯವನ್ನು ಹೊತ್ತು ನಡೆದಿದ್ದವು. ಲಯನೆಟ್ಸ್ ಎಂದರೆ, ಸಿಂಹವಾದರೂ ಪುಟ್ಟ ಸಿಂಹ! ಹೊಸ ತಂಡಗಳಲ್ಲಿ ಹೆಚ್ಚಿನವು ಆ ಬಾಲವನ್ನು ಕತ್ತರಿಸಿದವು. ಷಿಕಾಗೋದ ತಂಡ ಕಾಗೆಯ ಜಾತಿಯ ಹಕ್ಕಿಯಾಯಿತು, ಸ್ಯಾನ್ ಡಿಯೇಗೋದ ತಂಡ ಕಡಲದಂಡೆಯ ಹಕ್ಕಿಯಾಯಿತು, ಕನೆಕ್ಟಿಕಟ್‌ನದು ಡೇಗೆಯಾಯಿತು.

1976ರ ಬೇಸಿಗೆಯಲ್ಲಿ ಆಟ ಆರಂಭವಾಯಿತು. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ ನೂರಿಪ್ಪತ್ತು ಪಂದ್ಯಗಳು. ಅಷ್ಟನ್ನೂ ಮುಗಿಸಲು ಒಂದೇ ದಿನ ಬೆನ್ನು ಬೆನ್ನಿಗೆ ಎರಡು ಪಂದ್ಯಗಳನ್ನು ಆಡಿಸುತ್ತಿದ್ದರು. ಒಂದು ರಾತ್ರಿ ಇಲ್ಲಿ, ಮರುದಿನ ಇನ್ನೂರು ಮೈಲಿಯಾಚೆ. ಮೆರಿಡನ್‌ನಿಂದ ಪೆಸಿಫಿಕ್ ಸಾಗರದ ಬದಿಯ ಸ್ಯಾನ್ ಹೋಸೆಗೆ ನಾಲ್ಕು ಸಾವಿರ ಕಿಲೊಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಹೋಗಿ ಆಡಿ ಬರುವ ಆಟಗಾರ್ತಿಗೆ ಒಂದು ಋತುವಿಗೆ ದೊರೆಯುತ್ತಿದ್ದುದು ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ಡಾಲರುಗಳ ಸಂಬಳ. ಅದೇ ವರ್ಷ ಪುರುಷರ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಅತ್ಯಂತ ಕಿರಿಯ ಆಟಗಾರನಿಗೂ ಕೊಡಲೇಬೇಕಾದ ಕನಿಷ್ಠ ವೇತನ 19,000 ಡಾಲರು. ಆದುದರಿಂದ ವೃತ್ತಿಪರರೆನಿಸಿಕೊಂಡ ಮೇಲೂ ಈ ಆಟಗಾರ್ತಿಯರು ಚಳಿಗಾಲದಲ್ಲಿ ಹಳೆಯ ಉದ್ಯೋಗಗಳಿಗೆ ಮರಳಬೇಕಾಗುತ್ತಿತ್ತು. ಆದರೂ ಆ ಸಣ್ಣ ಸಂಬಳಕ್ಕೆ ಅದರ ಮೊತ್ತವನ್ನು ಮೀರಿದ ಒಂದು ಬೆಲೆಯಿತ್ತು. ಅಲ್ಲಿಯವರೆಗೆ ಹೆಂಗಸಿನ ಚೆಂಡಾಟವನ್ನು ಜನ ಕಾಲಕ್ಷೇಪವೆಂದೇ ಎಣಿಸಿದ್ದರು. ಈಗ ಒಂದು ಕಾಗದದ ಮೇಲೆ, ಎರಡು ಕಡೆಯವರ ಸಹಿಯೊಂದಿಗೆ, ಅದು ಕೆಲಸವೆಂದು ದಾಖಲಾಯಿತು.

ಮೊದಲ ಋತುವಿನ ಅಂತಿಮ ಸರಣಿಯಲ್ಲಿ ಫಾಲ್ಕನ್ಸ್ ಎದುರಿಸಿದ್ದು ಸ್ಯಾನ್ ಹೋಸೆಯ ಸನ್‌ಬರ್ಡ್ಸ್ ತಂಡವನ್ನು. ಪ್ರಶಸ್ತಿ ಫಾಲ್ಕನ್ಸ್‌ನದಾಯಿತು. 1977ರಲ್ಲಿಯೂ ಅದೇ, 1978ರಲ್ಲಿಯೂ ಅದೇ, 1979ರಲ್ಲಿಯೂ ಅದೇ. ಸಂಸ್ಥೆಯು ಬದುಕಿದ್ದ ನಾಲ್ಕು ವರ್ಷಗಳಲ್ಲಿ ಚಾಂಪಿಯನ್ ಪಟ್ಟವು ಒಮ್ಮೆಯೂ ಇನ್ನೊಬ್ಬರ ಕೈಸೇರಲಿಲ್ಲ. ಈ ಗೆಲುವುಗಳನ್ನು ಒಂದೊಂದಾಗಿ ವರ್ಣಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ನಿರಂತರವಾದ ಗೆಲುವು ಸಂಸ್ಥೆಗೆ ಒಳ್ಳೆಯದನ್ನೇ ಮಾಡಿತೆಂದು ಹೇಳುವುದೂ ಕಷ್ಟ. ಯಾರು ಗೆಲ್ಲುವರೆಂದು ಮೊದಲೇ ತಿಳಿದಿರುವ ಪಂದ್ಯಕ್ಕೆ ಟಿಕೆಟ್ ಕೊಳ್ಳಲು ಜನರು ಹಿಂದೆಮುಂದೆ ನೋಡುವುದು ಸಹಜ. ಹವ್ಯಾಸಿಯಾಗಿಯೂ ವೃತ್ತಿಪರಳಾಗಿಯೂ ತನ್ನ ಸಾಫ್ಟ್‌ಬಾಲ್ ಜೀವನದಲ್ಲಿ ಜಾಯ್ಸ್ ಎಸೆತಗಾರ್ತಿಯಾಗಿ ಗೆದ್ದ ಪಂದ್ಯಗಳು 753; ಸೋತವು 42. ಎದುರಾಳಿಗಳಿಗೆ ಒಂದೇ ಒಂದು ಸರಿಯಾದ ಹೊಡೆತಕ್ಕೂ ಅವಕಾಶವೀಯದೆ ಮುಗಿಸಿದ ಪಂದ್ಯಗಳೇ 150. ಇಂತಹವಳನ್ನು ಪಕ್ಕದಲ್ಲಿಟ್ಟುಕೊಂಡ ತಂಡವನ್ನು ಸೋಲಿಸುವುದು ಹೇಗೆ?

ಫಾಲ್ಕನ್ಸ್‌ನ್ನು ಸೋಲಿಸಿದ್ದು ಎದುರಾಳಿ ತಂಡವಲ್ಲ, ಲೆಕ್ಕಪುಸ್ತಕ. ವಿಮಾನದ ಖರ್ಚು, ವಸತಿಗೃಹದ ಖರ್ಚು, ಮೈದಾನದ ಬಾಡಿಗೆ, ದೀಪದ ಖರ್ಚು ಇವೆಲ್ಲ ಪ್ರತಿ ಪಂದ್ಯಕ್ಕೂ ತಪ್ಪದ ಖರ್ಚುಗಳು. ಬರುವ ಹಣವಾದರೋ ಬಾಗಿಲಲ್ಲಿ ಮಾರಿದ ಟಿಕೆಟುಗಳಿಂದಲೇ ಬರಬೇಕು. ಪುರುಷರ ಬೇಸ್‌ಬಾಲ್ ತಂಡಗಳಿಗೆ ದೂರದರ್ಶನದ ಸಂಸ್ಥೆಗಳು ದೊಡ್ಡ ಮೊತ್ತಗಳನ್ನು ಕೊಡುತ್ತಿದ್ದವು. ಹೆಂಗಸರ ಸಾಫ್ಟ್‌ಬಾಲಿಗೆ ಅಂತಹ ಆಸರೆ ದೊರೆಯಲಿಲ್ಲ. ನೋಡುವವರಿಲ್ಲವೆಂದು ತೋರಿಸುವುದಿಲ್ಲ; ತೋರಿಸದುದರಿಂದ ನೋಡುವವರು ಹುಟ್ಟುವುದಿಲ್ಲ. ಈ ಗಾಣದ ಸುತ್ತಿನಿಂದ ಹೊರಬರುವ ದಾರಿ ಸ್ಥಾಪಕರಿಗೆ ಕಾಣಿಸಲಿಲ್ಲ. ಹತ್ತು ತಂಡಗಳಿಂದ ಆರಂಭವಾದ ಸಂಸ್ಥೆಯಲ್ಲಿ ಒಂದೊಂದೇ ತಂಡ ಕಣ್ಮರೆಯಾಗತೊಡಗಿತು. ಕೆಲವು ಹೊಸ ತಂಡಗಳು ಬಂದವಾದರೂ ಹೋದವುಗಳ ಸ್ಥಾನ ಪೂರ್ತಿಯಾಗಿ ತುಂಬಲಿಲ್ಲ. ಹಳೆಯ ಬ್ರೇಕೆಟ್ಸ್ ತಂಡದ ಹಿಂದೆ ಒಂದು ಕಾರ್ಖಾನೆಯಿತ್ತು. ಪಂದ್ಯದಲ್ಲಿ ಲಾಭ ಬರಬೇಕೆಂಬ ಹಂಗು ಅದಕ್ಕಿರಲಿಲ್ಲ. ಸಂಬಳ ಕೊಡಲು ಹೊರಟ ಫಾಲ್ಕನ್ಸ್‌ಗೆ ಅಂತಹ ಬೆನ್ನಾಸರೆ ಇರಲಿಲ್ಲ. ಹಣ ಕೊಡದ ತಂಡ ಉಳಿಯಿತು, ಹಣ ಕೊಟ್ಟ ತಂಡ ಅಳಿಯಿತು ಎಂಬುದು ಈ ಚರಿತ್ರೆಯ ವಿಪರ್ಯಾಸ.

ಮುಗಿಯುವ ಮುನ್ನ ಫಾಲ್ಕನ್ಸ್ ತಂಡಕ್ಕೆ ಒಂದು ಅಪೂರ್ವ ಅವಕಾಶ ಒದಗಿಬಂದಿತು. 1979ರ ಜನವರಿ 1ರಂದು ಅಮೆರಿಕ ಮತ್ತು ಚೀನಾ ದೇಶಗಳು ಮೂರು ದಶಕಗಳ ವೈಮನಸ್ಯವನ್ನು ಬದಿಗಿಟ್ಟು ರಾಯಭಾರ ಸಂಬಂಧವನ್ನು ಬೆಳೆಸಿದವು. ಅದೇ ವರ್ಷ ಫಾಲ್ಕನ್ಸ್ ತಂಡವು ಚೀನಾ ಪ್ರವಾಸ ಕೈಗೊಂಡು ಅಲ್ಲಿಯ ತಂಡಗಳೊಡನೆ ಆಡಿತು. ಸ್ವದೇಶದ ಮೈದಾನಗಳಲ್ಲಿ ಖಾಲಿ ಆಸನಗಳನ್ನು ಎಣಿಸಿ ಬೇಸತ್ತಿದ್ದ ಆಟಗಾರ್ತಿಯರನ್ನು ನೋಡಲು ಅಲ್ಲಿ ಭಾರಿ ಜನಸಂದಣಿ ನೆರೆಯಿತು. ಅವರು ಮರಳಿ ಬಂದರೂ ಸಂಸ್ಥೆಯ ಸ್ಥಿತಿ ಸುಧಾರಿಸಲಿಲ್ಲ. 1980ರ ಬೇಸಿಗೆ ಬಂದಾಗ ಆಡಲು ಪಂದ್ಯಗಳೇ ಇರಲಿಲ್ಲ.

ಆಟಗಾರ್ತಿಯರು ಚದುರಿದರು. ಆದರೆ ಅವರು ಹೋಗಿ ಸೇರಿದ ಜಾಗಗಳನ್ನು ಗಮನಿಸಬೇಕು. 1972ರ ಕಾನೂನಿನ ಫಲವಾಗಿ ಕಾಲೇಜುಗಳು ಹೆಣ್ಣುಮಕ್ಕಳ ತಂಡಗಳನ್ನು ಕಟ್ಟತೊಡಗಿದ್ದವು. ಆ ತಂಡಗಳಿಗೆ ಆಟ ಬಲ್ಲ ತರಬೇತುದಾರರು ಬೇಕಾಗಿದ್ದರು. ವೃತ್ತಿಪರ ತಂಡಗಳಲ್ಲಿ ಪಳಗಿದ ಅನೇಕರು ಆ ಸ್ಥಾನಗಳಿಗೆ ಹೋದರು. 1982ರಲ್ಲಿ ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆಯು ಮಹಿಳೆಯರ ಸಾಫ್ಟ್‌ಬಾಲಿಗೆ ಮೊದಲ ಬಾರಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಏರ್ಪಡಿಸಿತು. 1996ರಲ್ಲಿ ಅಟ್ಲಾಂಟ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಸಾಫ್ಟ್‌ಬಾಲಿಗೆ ಸ್ಥಾನ ದೊರೆಯಿತು. ಚಿನ್ನ ಗೆದ್ದ ಅಮೆರಿಕದ ತಂಡದಲ್ಲಿದ್ದವರು ಕಾಲೇಜು ಮೈದಾನಗಳಲ್ಲಿ ಬೆಳೆದವರು. ಒಲಿಂಪಿಕ್ ನಂಟು ಮಾತ್ರ ಸ್ಥಿರವಾಗಲಿಲ್ಲ. 2008ರ ಬಳಿಕ ಆಟವನ್ನು ಕೈಬಿಟ್ಟರು, 2021ರಲ್ಲಿ ಟೋಕಿಯೋದಲ್ಲಿ ಒಮ್ಮೆ ಸೇರಿಸಿಕೊಂಡರು, 2024ರಲ್ಲಿ ಮತ್ತೆ ಬಿಟ್ಟರು. 2028ರ ಲಾಸ್ ಏಂಜಲಿಸ್ ಕ್ರೀಡೆಗಳಿಗೆ ಪುನಃ ಸೇರಿಸಲು ತೀರ್ಮಾನವಾಗಿದೆ.

ಹೆಂಗಸರಿಗೆ ಸಂಬಳ ಕೊಟ್ಟು ಸಾಫ್ಟ್‌ಬಾಲ್ ಆಡಿಸುವ ಪ್ರಯತ್ನಗಳೂ ನಿಲ್ಲಲಿಲ್ಲ. 1997ರಲ್ಲಿ ಒಂದು ಹುಟ್ಟಿ ಕೆಲವು ವರ್ಷ ಕುಂಟಿತು. 2004ರಲ್ಲಿ ಆರಂಭವಾದ ಇನ್ನೊಂದು, ತಂಡಗಳನ್ನು ಕಳೆದುಕೊಳ್ಳುತ್ತ ಗಳಿಸುತ್ತ 2021ರವರೆಗೆ ಹೇಗೋ ನಡೆದು ನಿಂತಿತು. 2025ರ ಬೇಸಿಗೆಯಲ್ಲಿ ನಾಲ್ಕು ತಂಡಗಳ ಹೊಸ ಪಂದ್ಯಾವಳಿಯೊಂದು ಪ್ರಾರಂಭವಾಯಿತು. ಪುರುಷರ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ ಅದರಲ್ಲಿ ಬಂಡವಾಳ ಹೂಡಿತು. ಮೊದಲ ವರ್ಷ ಯಾವ ತಂಡಕ್ಕೂ ತನ್ನದೆನ್ನುವ ಊರಿರಲಿಲ್ಲ. ನಾಲ್ಕೂ ತಂಡಗಳು ಊರಿಂದೂರಿಗೆ ಸಂಚರಿಸಿ ಆಡಿದವು. ಪಂದ್ಯಗಳು ದೂರದರ್ಶನದಲ್ಲಿ ಪ್ರಸಾರವಾದವು.

ಸ್ಟ್ರಾಟ್‌ಫರ್ಡಿನ ಕಾರ್ಖಾನೆಯ ಕಥೆ ಬೇರೆಯೇ ಆಯಿತು. ಬ್ರೇಕುಗಳ ತಯಾರಿಕೆಯಲ್ಲಿ ಬಳಸುತ್ತಿದ್ದ ಮುಖ್ಯ ವಸ್ತು ಕಲ್ನಾರು. ಅದರ ಧೂಳು ಶ್ವಾಸಕೋಶವನ್ನು ಸೇರಿ ಪ್ರಾಣಾಂತಿಕ ರೋಗಗಳನ್ನು ತರುತ್ತದೆಂಬುದು ಇಂದು ಎಲ್ಲರಿಗೂ ತಿಳಿದ ಸಂಗತಿ. ಕಾರ್ಖಾನೆಯು ತನ್ನ ತ್ಯಾಜ್ಯವನ್ನು ಪಟ್ಟಣದ ಹಲವು ತಗ್ಗುಗಳಿಗೆ ತುಂಬಿತ್ತು. ಸಾವಿರಾರು ಪ್ರೇಕ್ಷಕರು ನೆರೆದು ಬ್ರೇಕೆಟ್ಸ್ ಆಟವನ್ನು ನೋಡುತ್ತಿದ್ದ ಮೈದಾನದ ನೆಲವೂ ಆ ತ್ಯಾಜ್ಯದಿಂದ ಕೂಡಿತ್ತು. 1989ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ನಿವೇಶನವನ್ನು ಸರ್ಕಾರವು 1995ರಲ್ಲಿ ದೇಶದ ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿಸಿತು. ಬ್ರೇಕೆಟ್ಸ್ ತಂಡವು ಅಷ್ಟರಲ್ಲಿಯೇ ಪಟ್ಟಣದ ಇನ್ನೊಂದು ಮೈದಾನಕ್ಕೆ ತೆರಳಿ ತನ್ನ ಆಟವನ್ನು ಮುಂದುವರಿಸಿತ್ತು.

ಜೋನ್ ಜಾಯ್ಸ್ ಕೈಕಟ್ಟಿ ಕುಳಿತುಕೊಳ್ಳುವವಳಲ್ಲ. ಫಾಲ್ಕನ್ಸ್‌ನಲ್ಲಿ ಆಡುತ್ತಿದ್ದಾಗಲೇ, ಮೂವತ್ತಾರು ವರ್ಷ ದಾಟಿದ ಮೇಲೆ, 1977ರಲ್ಲಿ ಆಕೆ ಮಹಿಳೆಯರ ವೃತ್ತಿಪರ ಗಾಲ್ಫ್ ಪಂದ್ಯಗಳಿಗೆ ಕಾಲಿಟ್ಟಿದ್ದಳು. ಅಲ್ಲಿಯೂ ಆಕೆಯ ಹೆಸರಿನಲ್ಲಿ ಒಂದು ದಾಖಲೆ ಉಳಿಯಿತು. 1982ರ ಒಂದು ಪಂದ್ಯದಲ್ಲಿ ಹದಿನೆಂಟು ಕುಳಿಗಳ ಒಂದು ಸುತ್ತನ್ನು ಆಕೆ, ಹಸಿರುಹಾಸಿನ ಮೇಲೆ ಚೆಂಡನ್ನು ಕುಳಿಗೆ ಮೆಲ್ಲಗೆ ನೂಕುವ ಹೊಡೆತಗಳನ್ನು ಕೇವಲ ಹದಿನೇಳು ಬಾರಿ ಬಳಸಿ ಮುಗಿಸಿದಳು. 1994ರಲ್ಲಿ ಫ್ಲಾರಿಡ ಅಟ್ಲಾಂಟಿಕ್ ವಿಶ್ವವಿದ್ಯಾನಿಲಯವು ಹೊಸದ���ಗಿ ಸಾಫ್ಟ್‌ಬಾಲ್ ತಂಡವನ್ನು ಕಟ್ಟಲು ಹೊರಟಾಗ ಆಕೆಯನ್ನು ಅದರ ಮೊದಲ ತರಬೇತುದಾರಳಾಗಿ ನೇಮಿಸಿತು. ಇಪ್ಪತ್ತೆಂಟು ವರ್ಷಗಳ ಕಾಲ ಆಕೆ ಅಲ್ಲಿಯೇ ಇದ್ದಳು. 2022ರ ಮಾರ್ಚ್ ತಿಂಗಳಲ್ಲಿ ಆ ತಂಡವು ಆಕೆಯ ತರಬೇತಿಯಲ್ಲಿ ತನ್ನ ಸಾವಿರದ ಗೆಲುವನ್ನು ಕಂಡಿತು. ಅದೇ ತಿಂಗಳ 26ರಂದು, ಋತುವಿನ ಪಂದ್ಯಗಳು ಇನ್ನೂ ನಡೆಯುತ್ತಿರುವಾಗ, ಎಂಬತ್ತೊಂದನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆ ದಿನದವರೆಗೂ ಆಕೆ ಆ ತಂಡದ ಸಂಬಳದ ತರಬೇತುದಾರಳಾಗಿಯೇ ಇದ್ದಳು.